ಒಂದೇ ಮಾತಿನ ಪಾರ್ಟು

"ಇಡೀ ನಾಟಕದಲ್ಲಿ ನಂಗೆ ಒಂದೇ ಮಾತಾ, ಮಿಸ್?" ಪಂಕಜಾಳ ಮುಖ ಹಾಗಲಕಾಯಿ ತಿಂದಂತಾಯಿತು.

"ಹೂಂ ಕಣೇ. ‘ಸಾಕು’ ಅಂದ್ರೆ ಆಯ್ತು," ಎಂದು ಅನಂತಲಕ್ಷ್ಮಿ ಮಿಸ್ ನಕ್ಕರು.

ರಾಜಾಜಿನಗರದ ಆ ಶಾಲೆಯಲ್ಲಿ ಅಂದು ವಿಜ್ಞಾನದ ನಾಟಕ. ನಮ್ಮ ಮೈಯೊಳಗೆ ನಡೆಯುವ ಯುದ್ಧದ ಕತೆ. ಮೂರನೇ ಕ್ಲಾಸಿನ ಅಂಜಿನಯ್ಯ ಕೆಂಪು ಟೋಪಿಯ ರೋಗಾಣು. ಚಕ್ರಪಾಣಿ ಕಾವಲಿನ ಜೀವಕೋಶ. ರೋಗಾಣುವನ್ನು ಹಿಡಿದು, ಅದರ ಟೋಪಿ ಕಿತ್ತು ಎತ್ತಿ ತೋರಿಸುವುದು ಅವನ ಕೆಲಸ. ಟೋಪಿ ಕಂಡರೇನೇ ಸೈನಿಕ ಜೀವಕೋಶಗಳಿಗೆ ಶತ್ರು ಯಾರೆಂದು ಗೊತ್ತಾಗುವುದು.

"ರೋಗಾಣು ಸೋತ ಮೇಲೂ ಸೈನಿಕರು ಹೊಡೀತಾನೇ ಇದ್ರೆ ನಮ್ಮ ಮೈಗೇ ಏಟು. ಊತ, ಜ್ವರ. ಅದಕ್ಕೇ ಮೈಯೇ ‘ಸಾಕು’ ಅಂತ ಹೇಳಿ ಕಳಿಸುತ್ತೆ. ಆ ಸುದ್ದಿ ನೀನು," ಅಂದರು ಮಿಸ್.

"ಸುದ್ದಿಯಂತೆ! ಸೈಕಲ್ ಬೆಲ್ಲೂ ಎರಡು ಸಲ ಟ್ರಿಣ್ ಅನ್ನುತ್ತೆ," ಎಂದು ಗೊಣಗಿದಳು ಪಂಕಜಾ. "ನಾನು ಸ್ಟೇಜಿಗೇ ಹೋಗಲ್ಲ."

ನಾಟಕ ಶುರುವಾಯಿತು. ಚಕ್ರಪಾಣಿ ಟೋಪಿ ಕಿತ್ತು, ಟೀವಿ ಆಂಟೆನಾದ ಹಾಗೆ ಕೈ ಎತ್ತಿ ನಿಂತ. "ನೋಡ್ರೋ, ಇವ್ನೇ!"

ಸುತ್ತಿದ ಪೇಪರಿನ ಕತ್ತಿ ಹಿಡಿದು ಸೈನಿಕರು ನುಗ್ಗಿದರು. ದಬ ದಬ!

"ಸತ್ತೆ!" ಎಂದು ಅಂಜಿನಯ್ಯ ಬಿದ್ದ. ಜನ ಗೊಳ್ಳೆಂದು ನಕ್ಕರು. ಆ ನಗುವಿಗೆ ಚಕ್ರಪಾಣಿ ಉಬ್ಬಿಹೋದ. ಟೋಪಿ ಇನ್ನೂ ಮೇಲೇರಿತು.

"ಇವ್ನೇ ಕಣ್ರೋ!"

ಮತ್ತೆ ದಬ ದಬ. ಸ್ಟೇಜಿನ ಮೇಲೆ ನಿಲ್ಲಿಸಿದ್ದ ರಟ್ಟಿನ ಹೃದಯವೂ ಉರುಳಿಬಿತ್ತು.

"ಆಗ್ಲೇ ಸತ್ತೋಗಿದೀನಿ, ಬಿಡ್ರೋ!" ಎಂದ ಅಂಜಿನಯ್ಯ. ನಗು ಇನ್ನೂ ಜೋರಾಯಿತು. ಅವನ ತುಟಿ ನಡುಗುತ್ತಿದ್ದುದು ಪರದೆಯ ಪಕ್ಕದಲ್ಲಿದ್ದ ಪಂಕಜಾಳಿಗೆ ಮಾತ್ರ ಕಂಡಿತು.

ಅವಳು ಓಡಿದಳು. ಸೈನಿಕರ ಕಡೆಗಲ್ಲ, ನೇರವಾಗಿ ಚಕ್ರಪಾಣಿಯ ಬಳಿಗೆ. ಎತ್ತಿದ ಅವನ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಟೋಪಿ ಅವಳ ಲಂಗದ ಹಿಂದೆ ಮರೆಯಾಯಿತು.

ಕತ್ತಿಗಳು ಅಲ್ಲಲ್ಲೇ ನಿಂತವು. "ಈಗ ಯಾರಿಗೆ ಹೊಡೀಬೇಕ್ರೋ?" ಎಂದು ಸೈನಿಕನೊಬ್ಬ ಪಿಳಿಪಿಳಿ ನೋಡಿದ.

ಪರದೆ ಬಿದ್ದಿತು.

"ಲೇ, ನೀನು ಡೈಲಾಗೇ ಹೇಳ್ಲಿಲ್ವಲ್ಲೇ!" ಎಂದ ಚಕ್ರಪಾಣಿ.

ಪಂಕಜಾ ನಾಲಿಗೆ ಕಚ್ಚಿಕೊಂಡಳು. ಇದ್ದದ್ದೇ ಒಂದು, ಅದೂ ಮರೆತುಹೋಗಿತ್ತು! ಅವಳು ಟೋಪಿಯನ್ನು ಅಂಜಿನಯ್ಯನ ತಲೆಗೆ ಹಾಕಿ, ಕಿವಿ ಮುಚ್ಚುವಂತೆ ಎಳೆದಳು. "ನೋವಾಯ್ತೇನೋ?"

"ನೀನು ಬಂದ್ಮೇಲೆ ಇಲ್ಲ, ಅಕ್ಕ."

ಮಿಸ್ ಹತ್ತಿರ ಬಂದರು. "ನಾಳೆ ಮಹಾಲಕ್ಷ್ಮಿ ಲೇಔಟ್ ಸ್ಕೂಲಲ್ಲೂ ನಾಟಕ ಇದೆ. ನಿಂಗೆ ಇನ್ನೊಂದೆರಡು ಮಾತು ಸೇರಿಸ್ಲೇನೇ?"

ಪಂಕಜಾ ತನ್ನ ಕೈ ನೋಡಿಕೊಂಡಳು.

"ಬೇಡ ಮಿಸ್," ಅಂದಳು. "ಆ ಒಂದೂ ಬೇಡ."