ಹಾಸಿಗೆ ಇದ್ದಷ್ಟು ಆಯುಷ್ಯ

ಬೆರಳ ತುದಿಯಿಂದ ಒಂದು ಹನಿ ರಕ್ತ ಗಾಜಿನ ಪಟ್ಟಿಯ ಮೇಲೆ ಬಿತ್ತು. ಇಡ್ಲಿ ಪಾತ್ರೆಯಷ್ಟು ದೊಡ್ಡದಿದ್ದ ಯಂತ್ರ ಅದನ್ನು ಒಳಗೆಳೆದುಕೊಂಡು ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ಪರದೆಯ ಮೇಲೆ ಅರವತ್ತಮೂರು ಎಂದು ಮೂಡಿತು.

ಅದು ತನ್ಮಯ ಸಾಯಲಿದ್ದ ವಯಸ್ಸು. ಅವನಿಗೆ ಆಗ ನಲವತ್ತೊಂದು.

“ಅಬ್ಬ!” ಎಂದು ಅವನು ನಕ್ಕ. “ಹಾಗಾದ್ರೆ ನಾಳೇನೇ ಕೆಲ್ಸ ಬಿಡಬಹುದು, ಮೇಡಂ.”

ಯಂತ್ರವನ್ನು ಕಂಡುಹಿಡಿದ ಡಾ. ಬೊಳ್ಳಮ್ಮನಿಗೆ ಈ ನಗು ಹೊಸದಲ್ಲ. ಮೈಸೂರಿನ ಅವರ ಪ್ರಯೋಗಾಲಯಕ್ಕೆ ಬರುವ ಅರ್ಧ ಜನ ಹೀಗೇ ನಗುತ್ತಿದ್ದರು. ವಯಸ್ಸಾದಂತೆ ನಮ್ಮ ಜೀವಕೋಶಗಳ ಡಿಎನ್‌ಎ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳು ಕೂಡುತ್ತ ಹೋಗುತ್ತವೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ. ತುಕ್ಕು ಎಷ್ಟು ಹಿಡಿದಿದೆ, ಯಾವ ವೇಗದಲ್ಲಿ ಹಿಡಿಯುತ್ತಿದೆ ಎಂದು ಆಯುಮಾಪಿ ಎಂಬ ಈ ಯಂತ್ರ ಓದುತ್ತಿತ್ತು. ಅಪಘಾತವೊಂದು ಬಿಟ್ಟರೆ ಅದರ ಮಾತು ತಪ್ಪುತ್ತಿರಲಿಲ್ಲ. ರೋಗಿಗಳನ್ನು ಬೇಗ ಎಚ್ಚರಿಸಲೆಂದು ಬೊಳ್ಳಮ್ಮ ಅದನ್ನು ಮಾಡಿದ್ದರು. ಆದರೆ ಅದನ್ನು ಮುಗಿಬಿದ್ದು ಕೊಂಡವರು ನಿವೃತ್ತಿ ನಿಧಿಗಳವರು.

ಕಾರಣ ಸರಳವಾಗಿತ್ತು. ಬೇಗ ಕೆಲಸ ಬಿಡಬೇಕೆನ್ನುವವರನ್ನು ಅಲ್ಲಿಯವರೆಗೆ ಕಟ್ಟಿಹಾಕಿದ್ದು ಒಂದೇ ಪ್ರಶ್ನೆ: ಕೂಡಿಟ್ಟ ಹಣ ಎಷ್ಟು ವರ್ಷಕ್ಕೆ ಸಾಕಾಗಬೇಕು? ಈಗ ಉತ್ತರ ಸಿಕ್ಕಿತ್ತು. ಉಳಿತಾಯ, ಮನೆ ಎಲ್ಲವನ್ನೂ ನಿಧಿಗೆ ಬರೆದುಕೊಟ್ಟರೆ, ಸಹಿಯ ದಿನ ಯಂತ್ರ ಹೇಳಿದ ವಯಸ್ಸಿನವರೆಗೆ ತಿಂಗಳು ತಿಂಗಳು ಹಣ ಬರುತ್ತದೆ, ಇರಲು ಮನೆಯೂ ಇರುತ್ತದೆ. ಆಮೇಲೆ ಎರಡೂ ಇಲ್ಲ. ಆಮೇಲೆ ಬೇಕಾದರೂ ಯಾರಿಗೆ?

ತನ್ಮಯ ಹದಿನೆಂಟು ವರ್ಷ ಒಂದು ದೊಡ್ಡ ಕಂಪನಿಯಲ್ಲಿ ದುಡಿದಿದ್ದ. ಖರ್ಚಿಗೆ ಹೆದರಿ ಮದುವೆಯಾಗಲಿಲ್ಲ, ಹೋಟೆಲಿನ ಕಾಫಿ ಕುಡಿಯಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅವನನ್ನು ಸಾಕಿದ ಸೋದರತ್ತೆ ಸವಿತಮ್ಮ ಹೇಳಿಕೊಟ್ಟಿದ್ದರು. ಇವನು ಒಂದು ಹೆಜ್ಜೆ ಮುಂದೆ ಹೋಗಿ, ಕಾಲಿನ ಅಳತೆಗೆ ಸರಿಯಾಗಿ ಹಾಸಿಗೆ ಹೊಲಿಸಿ, ಒಪ್ಪಂದಕ್ಕೆ ಸಹಿ ಹಾಕಿ ಮನೆಗೆ ಬಂದ.

ಆಮೇಲಿನ ಎರಡು ವರ್ಷ ಅವನ ಬಾಳಿನ ಹಬ್ಬ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದ, ಮಧ್ಯಾಹ್ನ ತಾನೇ ಹುಳಿ ಮಾಡಿ ಬಿಸಿಬಿಸಿಯಾಗಿ ಉಣ್ಣುತ್ತಿದ್ದ, ಸಂಜೆ ಕೊಳಲು ಕಲಿಯುತ್ತಿದ್ದ. ಎದೆಯುರಿ ಹೋಯಿತು. ಮಗುವಿನಂತೆ ನಿದ್ದೆ ಬರುತ್ತಿತ್ತು. ನಿಧಿಯ ನಿಯಮದಂತೆ ಮತ್ತೊಮ್ಮೆ ರಕ್ತ ಕೊಟ್ಟು ಬರಲು ಹೋದವನು ಪರದೆ ನೋಡಿ ಕುರ್ಚಿಯ ಕೈ ಹಿಡಿದುಕೊಂಡ.

ಎಪ್ಪತ್ತೊಂಬತ್ತು.

“ಯಂತ್ರ ಕೆಟ್ಟಿದೆ,” ಎಂದ.

“ಇಲ್ಲ. ಮೊದಲ ಸಲ ಬಂದಾಗ ನೀವು ಬದುಕ್ತಿದ್ದ ರೀತಿಗೆ ಅರವತ್ತಮೂರು ಸರಿಯಾಗೇ ಇತ್ತು,” ಎಂದರು ಬೊಳ್ಳಮ್ಮ. “ಆ ಕೆಲ್ಸ ನಿಮ್ಮನ್ನ ತಿಂತಾ ಇತ್ತು. ಈಗ ಬಿಟ್ಟಿದ್ದೀರಿ. ಹದಿನಾರು ವರ್ಷ ವಾಪಸ್ ಬಂದಿದೆ. ಖುಷಿಪಡಿ.”

“ಆ ಹದಿನಾರು ವರ್ಷ ನಾನು ಎಲ್ಲಿರ್ಲಿ? ಏನು ತಿನ್ಲಿ?”

ಬದುಕು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ ಎಂದು ಬೊಳ್ಳಮ್ಮ ನಿಧಿಗೆ ಎಚ್ಚರಿಕೆ ಕೊಟ್ಟಿದ್ದರು. ಆದರೆ ಸಂಖ್ಯೆ ಏರುವುದನ್ನು ಯಾರಾದರೂ ಕೆಡುಕೆಂದು ತಿಳಿದಾರು ಎಂಬುದು ಅವರಿಗೇ ಹೊಳೆದಿರಲಿಲ್ಲ.

ಅಂದಿನಿಂದ ತನ್ಮಯನನ್ನು ಭಯ ಹಿಡಿಯಿತು. ಅಂಥ ಭಯ ನಮಗೆ ಗೊತ್ತಿಲ್ಲ. ನಾವು ಹೆದರುವುದು ಸಾವಿಗೆ; ಅವನು ಹೆದರಿದ್ದು ಸಾವು ತಡವಾಗುವುದಕ್ಕೆ. ಮುದುಕನಾಗಿ, ಕೀಲುನೋವಿನ ಕಾಲೆಳೆಯುತ್ತ ಬೀದಿಯಲ್ಲಿ ನಿಂತ ತನ್ನನ್ನೇ ಅವನು ಎಲ್ಲೆಲ್ಲೂ ಕಂಡ. ಕೆರೆ ಸುತ್ತುವುದನ್ನು ಬಿಟ್ಟ. ಕೊಳಲು ಕಪಾಟು ಸೇರಿತು. ಒಂದು ದಿನ ಚೆನ್ನಾಗಿ ನಿದ್ದೆ ಬಂದರೆ ಮರುರಾತ್ರಿ ಬೇಕೆಂದೇ ಎಚ್ಚರವಿರುತ್ತಿದ್ದ.

ಕೊನೆಗೆ ಹಳೆಯ ಕಂಪನಿಗೇ ಹೋಗಿ ನಿಂತ. ಅರ್ಧ ಸಂಬಳಕ್ಕೆ ಸೇರಿಸಿಕೊಂಡರು.

“ಅರ್ಧ ಸಂಬಳದಲ್ಲಿ ಹದಿನಾರು ವರ್ಷಕ್ಕಾಗೋಷ್ಟು ಕೂಡಿಸೋಕಾಗುತ್ತಾ?” ಎಂದು ಬೊಳ್ಳಮ್ಮ ಫೋನಿನಲ್ಲಿ ಕೇಳಿದರು.

“ಕೂಡಿಸೋದು ಅರ್ಧ ಕೆಲ್ಸ, ಮೇಡಂ. ಕಳೆಯೋದು ಇನ್ನರ್ಧ,” ಎಂದ ತನ್ಮಯ. “ವರ್ಷ ತಾನಾಗೇ ಇಳಿಯುತ್ತೆ. ಈ ಕೆಲ್ಸ ನನ್ನನ್ನ ತಿನ್ನುತ್ತೆ ಅಂತ ನೀವೇ ಹೇಳಿದ್ರಲ್ಲ!”

ಮುಂದಿನ ವರ್ಷ ಅವನ ಹುಟ್ಟುಹಬ್ಬದ ಹಿಂದಿನ ದಿನ ಪರದೆಯ ಮೇಲೆ ಎಪ್ಪತ್ತು ಮೂಡಿತು. ತನ್ಮಯ ಮೈಸೂರು ಪಾಕ್ ಕಟ್ಟಿಸಿಕೊಂಡು ಸವಿತಮ್ಮನ ಮನೆಗೆ ಬಂದ. ಕಣ್ಣ ಕೆಳಗೆ ಕಪ್ಪು, ಮುಖದಲ್ಲಿ ಗೆಲುವು.

“ಏನೋ ವಿಶೇಷ? ನಾಳೆ ತಾನೇ ಹುಟ್ಟುಹಬ್ಬ?”

“ಒಳ್ಳೆ ಸುದ್ದಿ ಅತ್ತೆ. ಒಂಬತ್ತು ಕಮ್ಮಿಯಾಯ್ತು. ಇನ್ನು ಏಳು ಇಳಿಸಿದ್ರೆ ಸಾಕು.”

ಸವಿತಮ್ಮನಿಗೆ ಅರ್ಥವಾಗಲಿಲ್ಲ. ಸಾಲವೋ ಸಕ್ಕರೆ ಕಾಯಿಲೆಯೋ ಇರಬೇಕೆಂದುಕೊಂಡು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಅವನು ಬಾಗಿ ಕಾಲು ಮುಟ್ಟಿದಾಗ ಪ್ರತಿ ವರ್ಷದಂತೆ ತಲೆಯ ಮೇಲೆ ಕೈಯಿಟ್ಟರು.

“ನೂರು ವರ್ಷ ಬಾಳು, ಕಂ...”

ತನ್ಮಯ ಚಂಗನೆ ಎದ್ದು ಅವರ ಬಾಯಿಗೆ ಕೈ ಅಡ್ಡ ಹಿಡಿದ. “ಬೇಡ ಅತ್ತೆ! ಹಾಗನ್ಬೇಡಿ! ದಮ್ಮಯ್ಯ, ವಾಪಸ್ ತಗೊಳ್ಳಿ!”

ಅವನು ಮಗುವಾಗಿದ್ದಾಗ ಒಮ್ಮೆ ಜ್ವರದಲ್ಲಿ ಹೀಗೆಯೇ ಬಡಬಡಿಸಿದ್ದ. ಅಂದು ಆಯುಷ್ಯ ಕೊಡು ಎಂದು ಅವರು ದೇವರಿಗೆ ಹರಕೆ ಹೊತ್ತಿದ್ದರು. ಅದು ನೆನಪಾಗಿ ಮುದುಕಿಯ ಕಣ್ಣು ತುಂಬಿತು. ಆಗ ನಿಧಾನವಾಗಿ ಆ ಮೈಸೂರು ಪಾಕಿನ ಅರ್ಥ ಅವರಿಗಾಯಿತು.

ಬಾಯಲ್ಲಿದ್ದುದನ್ನು ಸೆರಗಿಗೆ ಉಗುಳಿದರು. ಅವನ ಕೈಯನ್ನು ಮೆಲ್ಲಗೆ ಸರಿಸಿ, ಮತ್ತೆ ತಲೆಯ ಹತ್ತಿರ ತಮ್ಮ ಕೈ ತಂದರು. ಕೈ ಅಲ್ಲೇ ನಿಂತಿತು. ನೂರು ವರ್ಷ ಎಂಬುದು ನಾವೆಲ್ಲ ಲೆಕ್ಕವಿಲ್ಲದೆ ಆಡುವ ಮಾತು. ಇಷ್ಟು ವರ್ಷ ಅವರೂ ಲೆಕ್ಕವಿಲ್ಲದೆಯೇ ಆಡಿದ್ದರು.

“ಹಾಗಾದ್ರೆ ಎಷ್ಟು ಅನ್ಲಿ ಮಗು?” ಎಂದು ಕೇಳಿದರು. “ನೀನೇ ಹೇಳು.”