ಅಂಜಿನಮ್ಮ ಹೇಳದ ಮಾತು

"ನಮ್ಮಕ್ಕನಿಗೆ ಮಕ್ಕಳಾಗಲ್ಲ ಅಂತ ಹೇಳಿದ ಸಿಸ್ಟರ್ ನೀವೇನಾ?"

ಅಂಜಿನಮ್ಮ ತಲೆಯೆತ್ತಿದಳು. ಶಿವಾಜಿನಗರದ ಆ ಸಣ್ಣ ಮಿಷನ್ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ಯುವಕ ಏದುಸಿರು ಬಿಡುತ್ತಾ ನಿಂತಿದ್ದ. ಮೈಮೇಲೆ ಫ್ಯಾಕ್ಟರಿಯ ಖಾಕಿ ಅಂಗಿ. ಮುಖದಲ್ಲಿ ಊರಿಗಾಗುವಷ್ಟು ಸಿಟ್ಟು. ಆದರೆ ಒಳಗೆ ಬರುವ ಮುಂಚೆ ಚಪ್ಪಲಿಯನ್ನು ಹೊರಗೆ ಜೋಡಿಸಿ ಬಿಟ್ಟಿದ್ದ. ಸಿಟ್ಟಿನಲ್ಲೂ ಚಪ್ಪಲಿ ಜೋಡಿಸುವ ಮನುಷ್ಯನನ್ನು ಅವಳು ಅವತ್ತೇ ಮೊದಲು ನೋಡಿದ್ದು.

"ನಿಮ್ಮಕ್ಕ ಯಾರು?"

"ಮುನಿಗಂಗಮ್ಮ. ಹಲಸೂರಿಗೆ ಕೊಟ್ಟಿರೋದು. ಭಾವ ವೆಂಕಟಾಚಲ, ರಸೆಲ್ ಮಾರ್ಕೆಟ್ಟಲ್ಲಿ ತರಕಾರಿ ಅಂಗಡಿ."

"ನಾನು ಯಾರಿಗೂ ಏನೂ ಹೇಳಿಲ್ಲ."

"ಅಕ್ಕನ ಅತ್ತೆ ಬೀದಿಯಲ್ಲೆಲ್ಲಾ ಹೇಳ್ಕೊಂಡು ಬರ್ತಿದ್ದಾರೆ. ಆಸ್ಪತ್ರೆ ಸಿಸ್ಟರೇ ಅಂದ್ರಂತೆ, ಇವಳು ಬಂಜೆ ಅಂತ. ಹಾಗಾದ್ರೆ ಅದು ಸುಳ್ಳಾ?"

"ನಾನು ಹೇಳಿಲ್ಲ ಅಂದೆ. ಅದಕ್ಕಿಂತ ಹೆಚ್ಚು ನೀವು ಕೇಳಬಾರದು, ನಾನು ಹೇಳಬಾರದು. ನಿಮ್ಮಕ್ಕನ್ನ ಕರ್ಕೊಂಡು ಬನ್ನಿ. ಅವರ ವಿಷಯ ಡಾಕ್ಟರಮ್ಮ ಅವರಿಗೇ ಹೇಳ್ತಾರೆ."

ಅವನು ಅವಳ ಮುಖವನ್ನೇ ನೋಡಿದ. ಸಿಟ್ಟು ಇಳಿದು ಆ ಜಾಗದಲ್ಲಿ ಏನೋ ಕುತೂಹಲ ಬಂದು ಕೂತಿತು.

"ನಿಮಗೇನೋ ಗೊತ್ತು" ಅಂದ.

"ಎಷ್ಟೋ ಗೊತ್ತು. ಇಂಜೆಕ್ಷನ್ ಎಲ್ಲಿಗೆ ಚುಚ್ಚಬೇಕು ಅಂತಲೂ ಗೊತ್ತು. ಚುಚ್ಚಲಾ?"

ಅವನಿಗೆ ನಗು ಬಂದುಬಿಟ್ಟಿತು. ನಕ್ಕಿದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾಗಿ ಹೊರಟುಹೋದ.

ಅವನ ಹೆಸರು ಆದಿನಾರಾಯಣ. ಕೌದೇನಹಳ್ಳಿಯವನು, ಟೆಲಿಫೋನ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ಅವನು ಹೋದ ಮೇಲೆ ಅಂಜಿನಮ್ಮನ ಕೈಗೆ ಕೆಲಸ ಹತ್ತಲಿಲ್ಲ.

ಅವಳಿಗೆ ನಿಜವಾಗಿಯೂ ಗೊತ್ತಿತ್ತು. ಕೊರತೆ ಮುನಿಗಂಗಮ್ಮನದಾಗಿರಲಿಲ್ಲ. ಕೆಲವು ತಿಂಗಳ ಹಿಂದೆ ವೆಂಕಟಾಚಲ ಮನೆಯಲ್ಲಿ ಯಾರಿಗೂ ತಿಳಿಸದೆ ಒಬ್ಬನೇ ಬಂದು ಪರೀಕ್ಷೆ ಮಾಡಿಸಿಕೊಂಡಿದ್ದ. ತೊಂದರೆ ಅವನಲ್ಲೇ ಇದೆ, ಅದಕ್ಕೆ ಮದ್ದಿಲ್ಲ ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳುವಾಗ ಅಂಜಿನಮ್ಮ ಪಕ್ಕದಲ್ಲೇ ಇದ್ದಳು. ಆ ದೊಡ್ಡ ಆಳು ಟವೆಲಿನಿಂದ ಮುಖ ಮುಚ್ಚಿಕೊಂಡು, "ಇದು ಈ ಕೋಣೆ ದಾಟಬಾರದಮ್ಮಾ" ಎಂದು ಕೈ ಮುಗಿದಿದ್ದ. ಇಬ್ಬರೂ ಒಪ್ಪಿದ್ದರು. ಒಪ್ಪದೆ ಇದ್ದರೂ, ನರ್ಸ್ ಟ್ರೈನಿಂಗಿನಲ್ಲಿ ತಲೆಗೆ ಕ್ಯಾಪ್ ಇಡಿಸಿಕೊಂಡ ದಿನ ಮೇಣದಬತ್ತಿ ಹಿಡಿದು ಅವಳು ಆಣೆಯಿಟ್ಟು ಆಡಿದ ಮಾತೇ ಅದು: ರೋಗಿಯ ಗುಟ್ಟು ರೋಗಿಯದು.

ಆಡುವಾಗ ಸುಲಭವಾಗಿತ್ತು. ಆ ಗುಟ್ಟಿನ ಕೆಳಗೆ ಇನ್ನೊಬ್ಬ ಹೆಂಗಸು ನಲುಗುತ್ತಿದ್ದರೆ ಏನು ಮಾಡಬೇಕು ಅಂತ ಯಾರೂ ಕಲಿಸಿರಲಿಲ್ಲ.

ಆದಿನಾರಾಯಣ ಅಕ್ಕನನ್ನು ಕರೆತಂದ. ಪರೀಕ್ಷೆಗೆ ಮುಂಚೆ ಮುನಿಗಂಗಮ್ಮ ಅಂಜಿನಮ್ಮನ ಹತ್ತಿರ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡು ಅತ್ತಳು. ಡಾಕ್ಟರಮ್ಮ ಅವಳನ್ನು ಮಾತ್ರ ಒಳಗೆ ಕರೆದು, ಪರೀಕ್ಷೆ ಮಾಡಿ, "ನೀನು ಚೆನ್ನಾಗಿದ್ದೀಯಮ್ಮ, ನಿನ್ನಲ್ಲಿ ಏನೂ ಕೊರತೆಯಿಲ್ಲ" ಎಂದರು.

ಮುನಿಗಂಗಮ್ಮ ಅಂಜಿನಮ್ಮನ ಕಡೆ ತಿರುಗಿದಳು. "ಹಾಗಾದ್ರೆ ಕೊರತೆ ಅವರಲ್ಲಿದ್ಯಾ?"

ಅಂಜಿನಮ್ಮ ಹತ್ತಿಯ ಡಬ್ಬಿಯ ಮುಚ್ಚಳ ಹಾಕಿದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮುಖದಲ್ಲಿ ಏನಾದರೂ ಕಂಡುಬಿಟ್ಟರೆ ಅಂತ ಕಣ್ಣೂ ಎತ್ತಲಿಲ್ಲ.

"ಅದನ್ನ ಅವರನ್ನೇ ಕೇಳ್ಬೇಕಮ್ಮ" ಎಂದರು ಡಾಕ್ಟರಮ್ಮ.

"ನಾನು ಕೇಳಿದ್ರೆ ಅತ್ತೆ ನನ್ನ ಬದುಕೋಕೆ ಬಿಡ್ತಾರಾ? ನಂದು ಸರಿಯಿದೆ ಅಂದ್ರೇನೇ ಯಾರೂ ನಂಬಲ್ಲ" ಎಂದು ಮುನಿಗಂಗಮ್ಮ ಸೆರಗು ಹೊದ್ದುಕೊಂಡು ಎದ್ದಳು.

ಅದಾದ ಮೇಲೆ ಆದಿನಾರಾಯಣ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಕಾಣಿಸಿಕೊಳ್ಳತೊಡಗಿದ. ಅಂಜಿನಮ್ಮನ ಮನೆ ಕೆ.ಆರ್. ಪುರದಲ್ಲಿ. ಅವಳ ಡ್ಯೂಟಿ ಮುಗಿಯುವುದಕ್ಕೂ ಅವನಿಗೆ ಮಾರ್ಕೆಟ್ಟಿನಲ್ಲಿ ಏನೋ ಕೆಲಸ ಇರುವುದಕ್ಕೂ ಸರಿಹೋಗುತ್ತಿತ್ತು. ಏನು ಕೆಲಸ ಎಂದು ಅವಳು ಕೇಳಲಿಲ್ಲ. ಒಂದು ದಿನ ನಿಂಬೆಹಣ್ಣು ಕೊಂಡಿದ್ದ, ಮರುದಿನವೂ ನಿಂಬೆಹಣ್ಣೇ.

"ಇಷ್ಟು ನಿಂಬೆಹಣ್ಣು ಏನ್ ಮಾಡ್ತೀರ?"

"ನಮ್ಮಮ್ಮನೂ ಅದನ್ನೇ ಕೇಳ್ತಿದ್ದಾಳೆ."

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತರೆ ಅವನು ಕಂಬಿ ಹಿಡಿದು ಹತ್ತಿರದಲ್ಲೇ ನಿಲ್ಲುತ್ತಿದ್ದ. ಅವಳನ್ನು ಊರೆಲ್ಲ ಸಿಸ್ಟರ್ ಎನ್ನುತ್ತಿತ್ತು, ಇವನು ಮಾತ್ರ ಮೊದಲ ದಿನದ ಮೇಲೆ ಆ ಪದ ಬಾಯಿಗೆ ತರಲಿಲ್ಲ. "ರೀ" ಎನ್ನುತ್ತಿದ್ದ. ಇದನ್ನು ಮೊದಲು ಕಂಡುಹಿಡಿದವಳು ಆಸ್ಪತ್ರೆಯ ಆಯಾ ಉಮ್ಮೆ ಕುಲ್ಸುಂ. "ಕ್ಯಾ ಸಿಸ್ಟರ್, ಎಲ್ಲಾರ್ಗೂ ನೀನು ಬೆಹನ್, ಅವ್ನಿಗೆ ಒಬ್ನಿಗೇ ಅಲ್ಲ ನೋಡು" ಎಂದು ಎಲೆಅಡಿಕೆ ತುಂಬಿದ ಬಾಯಲ್ಲಿ ನಗುತ್ತಿದ್ದಳು.

"ನೀವು ಬಾಯಿ ಬಿಡೋದೇ ಬೇಡ" ಎಂದ ಅವನು ಒಂದು ಸಂಜೆ. "ನಾನು ಕೇಳ್ತೀನಿ. ಹೌದಾದ್ರೆ ಒಂದ್ಸಲ ಕೆಮ್ಮಿ, ಸಾಕು. ತೊಂದರೆ ಇರೋದು ಭಾವನಲ್ಲಿ ತಾನೆ?"

"ಕೆಮ್ಮು ಬಂದ್ರೆ ಔಷಧಿ ಕುಡಿಯೋ ಜಾತಿ ನಾನು."

ಅಷ್ಟು ಹೇಳುವುದಕ್ಕೂ ಮುಂದಿನ ಲಾರಿಯ ಹೊಗೆ ಕಿಟಕಿಯಿಂದ ಒಳಗೆ ನುಗ್ಗುವುದಕ್ಕೂ ಸರಿಯಾಯಿತು. ಅವಳ ಗಂಟಲು ಕೆರೆಯಿತು. ಈಗ ಕೆಮ್ಮುವ ಹಾಗಿಲ್ಲ! ತುಟಿ ಕಚ್ಚಿ, ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬಂದರೂ ಅವಳು ಹಲಸೂರು ದಾಟುವವರೆಗೆ ತಡೆದುಕೊಂಡಳು. ಅವನು ಮೊದಲು ಗಾಬರಿಯಾದ, ಆಮೇಲೆ ಅರ್ಥವಾಗಿ ಕಂಬಿಗೆ ಹಣೆಯಿಟ್ಟು ನಕ್ಕ.

"ಕೆಮ್ಮಿಬಿಡ್ರೀ ಮಾರಾಯ್ತಿ. ಲೆಕ್ಕಕ್ಕೆ ಹಿಡಿಯಲ್ಲ."

ಕೆಮ್ಮಿದ ಮೇಲೆ ಅವಳೂ ನಕ್ಕಳು. ಅಷ್ಟು ಹತ್ತಿರದಿಂದ ಅವನ ಕಣ್ಣುಗಳನ್ನು ಅವಳು ಅದೇ ಮೊದಲು ನೋಡಿದ್ದು. ಒಂದು ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆಯಿತ್ತು. ಎಲ್ಲಿ ಬಿದ್ದಿದ್ದನೋ, ಯಾರು ಹೊಲಿಗೆ ಹಾಕಿದ್ದರೋ. ಇಷ್ಟು ಅಂಕುಡೊಂಕಾಗಿ ಹಾಕಿದ್ದಾರಲ್ಲ ಎಂದು ಮನೆ ತಲುಪುವವರೆಗೂ ಅದನ್ನೇ ಯೋಚಿಸಿದಳು.

ಶ್ರಾವಣ ಬರುವ ಹೊತ್ತಿಗೆ ವೆಂಕಟಾಚಲನ ತಾಯಿ ಮಗನಿಗೆ ಎರಡನೆಯ ಹೆಣ್ಣು ಗೊತ್ತು ಮಾಡಿಬಿಟ್ಟಳು. ಹೊಸಕೋಟೆ ಕಡೆಯ ಬಡವರ ಹುಡುಗಿ. ವೀಳ್ಯ ಬದಲಾಯಿಸುವುದೊಂದೇ ಬಾಕಿ.

ಅವತ್ತು ಆದಿನಾರಾಯಣನ ಕೈಯಲ್ಲಿ ನಿಂಬೆಹಣ್ಣಿರಲಿಲ್ಲ.

"ಬಸ್ಸು ಆಮೇಲೆ ಹತ್ತಿ. ಸ್ವಲ್ಪ ಮಾತಾಡ್ಬೇಕು" ಎಂದ. ಸ್ಟ್ಯಾಂಡಿನ ಗೋಡೆಯ ಪಕ್ಕ ನಿಂತರು. "ಅಕ್ಕ ಊಟ ಬಿಟ್ಟಿದ್ದಾಳೆ. ನಾಳಿದ್ದು ಭಾನುವಾರ ಹೆಣ್ಣಿನ ಕಡೆಯವರು ಬರ್ತಾರೆ. ನೀವು ಒಂದು ಮಾತು ಹೇಳಿದ್ರೆ ಎಲ್ಲಾ ನಿಂತುಹೋಗುತ್ತೆ."

"ನನ್ನ ಕೈಲಿ ಆಗಲ್ಲ."

"ನಾನು ನಿಮ್ಮನ್ನ ಮದುವೆ ಆಗ್ತೀರಾ ಅಂತ ಕೇಳ್ಬೇಕು ಅಂತಿದ್ದೆ. ಎಷ್ಟು ದಿನದಿಂದ ಅಂತಿದ್ದೀನಿ ಗೊತ್ತಾ? ನಮ್ಮ ಮನೆಯವರಾಗೋರು ನೀವು. ನಿಮ್ಮ ನಾದಿನಿಗೋಸ್ಕರ ಅಂತ ಹೇಳಿ."

ಇಂಥ ಮಾತು ಇಂಥ ಹೊತ್ತಿನಲ್ಲಾ ಬರುವುದು!

"ನಿಮ್ಮ ಹೆಂಡತಿ ಆದ್ಮೇಲೂ ಹೇಳಲ್ಲ" ಎಂದಳು. "ಇವತ್ತು ನಿಮಗೋಸ್ಕರ ಒಬ್ಬರ ಗುಟ್ಟು ಬಿಟ್ಟುಕೊಟ್ರೆ, ನಾಳೆ ಯಾವ ಹೆಂಗಸು ನನ್ನ ಮುಂದೆ ಬಾಯಿ ಬಿಡ್ತಾಳೆ? ನಿಮ್ಮಕ್ಕ ನನ್ನ ಹತ್ರ ಏನೇನು ಹೇಳ್ಕೊಂಡು ಅತ್ತಿದ್ದಾರೆ ಅಂತ ನಿಮ್ಮ ಭಾವನಿಗೆ ಹೇಳ್ಲಾ?"

"ಅದೂ ಇದೂ ಒಂದೇನಾ?"

"ನನಗೆ ಒಂದೇ."

"ನಿಮಗೆ ನಿಮ್ಮ ರೂಲ್ಸೇ ದೊಡ್ಡದು. ಮನುಷ್ಯರು ಸತ್ತರೂ ಪರವಾಗಿಲ್ಲ" ಎಂದು ಅವನು ಹೊರಟ. ತಿರುಗಿ ನೋಡಲಿಲ್ಲ.

ಬಸ್ಸು ಬಂತು, ಹೋಯಿತು. ಅಂಜಿನಮ್ಮ ಹತ್ತಲಿಲ್ಲ. ಅವನ ಮಾತು ನೋಯಿಸಿದ್ದು ಅದು ಸುಳ್ಳಾದ್ದಕ್ಕಲ್ಲ, ಅರ್ಧ ನಿಜವಾದ್ದಕ್ಕೆ. ಬಾಯಿ ಮುಚ್ಚಿಕೊಂಡರೆ ತನ್ನ ಕೈ ಶುದ್ಧ, ಸರಿ. ಆದರೆ ಮುನಿಗಂಗಮ್ಮ? ಏನೂ ಗೊತ್ತಿಲ್ಲದೆ ಬರುವ ಆ ಹುಡುಗಿ? ನಾಲ್ಕು ವರ್ಷ ಕಳೆದ ಮೇಲೆ ಅವಳನ್ನೂ ಬಂಜೆ ಅನ್ನುತ್ತಾರೆ. ಗುಟ್ಟನ್ನು ಹೊರಗೆ ಹಾಕಬಾರದು. ಆದರೆ ಗುಟ್ಟಿನ ಯಜಮಾನನ ಜೊತೆ ಮಾತಾಡಬಾರದು ಅಂತ ಎಲ್ಲಿದೆ?

ಅವಳು ಆಸ್ಪತ್ರೆಗೆ ಹಿಂದಿರುಗಿ ಡಾಕ್ಟರಮ್ಮನನ್ನು ಕೇಳಿದಳು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೋಗಿ ಮಾತಾಡು. ಹೆದರಿಸಬೇಡ, ಬೆದರಿಸಬೇಡ. ಅವನು ಆಗಲ್ಲ ಅಂದ್ರೆ ವಾಪಸ್ ಬಾ. ಅಲ್ಲಿಗೆ ಮುಗೀತು, ಒಪ್ತೀಯಾ?"

ಒಪ್ಪುವುದು ಕಷ್ಟವಾಯಿತು. ಆದರೂ ಒಪ್ಪಿದಳು.

ರಸೆಲ್ ಮಾರ್ಕೆಟ್ಟಿನಲ್ಲಿ ವೆಂಕಟಾಚಲ ಹುರುಳಿಕಾಯಿಗೆ ನೀರು ಚಿಮುಕಿಸುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು.

"ಯಾರಿಗೂ ಹೇಳಿಲ್ಲಣ್ಣಾ, ಹೇಳೋದೂ ಇಲ್ಲ" ಎಂದಳು ಮೊದಲಿಗೇ. "ನೀವೇ ಹೇಳ್ತೀರಾ ಅಂತ ಕೇಳೋಕೆ ಬಂದೆ."

"ಹೇಳಿದ್ರೆ ಮುನಿಗಂಗ ಬಿಟ್ಟು ಹೋಗ್ತಾಳೆ."

"ಹೇಳದೆ ಇದ್ರೆ?"

ಗಿರಾಕಿಯೊಬ್ಬ ಬೆಲೆ ಕೇಳಿದ, ವೆಂಕಟಾಚಲನಿಗೆ ಕೇಳಿಸಲಿಲ್ಲ.

"ಅವರು ಊಟ ಬಿಟ್ಟಿದ್ದಾರಂತೆ. ಮದುವೆಗೆ ಗೊತ್ತು ಮಾಡಿರೋ ಆ ಹುಡುಗಿ ನಿಮಗೇನು ಮಾಡಿದ್ದಾಳೆ ಅಣ್ಣಾ? ನಿಮ್ಮ ಮೈಯಲ್ಲಿರೋದು ಒಂದು ಕೊರತೆ, ಜ್ವರ ಬಂದ ಹಾಗೆ. ಅದರಲ್ಲಿ ತಪ್ಪಿಲ್ಲ. ಆದ್ರೆ ಇನ್ಮೇಲೆ ಆಗೋದು ತಪ್ಪೇ. ಇದಿಷ್ಟು ಹೇಳೋಕೆ ಬಂದಿದ್ದು. ಬರ್ತೀನಿ."

ಅವಳು ಹೊರಟುಬಂದಳು. ತಾನು ಸರಿ ಮಾಡಿದೆನೋ, ಗಡಿ ದಾಟಿದೆನೋ ಅವಳಿಗೆ ತಿಳಿಯಲಿಲ್ಲ. ಭಾನುವಾರವೆಲ್ಲ ವಾರ್ಡಿನಲ್ಲಿ ಕೆಲಸ ಮಾಡುತ್ತಾ ಹಲಸೂರಿನ ಆ ಮನೆಯಲ್ಲಿ ಈಗ ಏನಾಗುತ್ತಿರಬಹುದು ಎಂದು ನೆನೆಸಿಕೊಂಡಳು.

ಸೋಮವಾರವೂ ಆದಿನಾರಾಯಣ ಬರಲಿಲ್ಲ. ಮಂಗಳವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು.

"ಭಾವ ಎಲ್ಲರೆದುರಿಗೂ ಹೇಳಿಬಿಟ್ರು" ಎಂದ. "ಹೆಣ್ಣಿನ ಕಡೆಯವರು ಕೂತಿದ್ದಾರೆ, ವೀಳ್ಯದ ತಟ್ಟೆ ಇಟ್ಟಿದೆ. ಎದ್ದು ನಿಂತು, ಕೊರತೆ ನನ್ನಲ್ಲಿದೆ, ಮುನಿಗಂಗ ಬಂಗಾರ ಅಂತ ಅತ್ರು. ಅಕ್ಕನ ಅತ್ತೆ ಕುಸಿದು ಕೂತ್ರು. ಬಂದಿದ್ದೋರು ತಟ್ಟೆ ಬಿಟ್ಟು ಎದ್ದು ಹೋದ್ರು."

"ನಿಮ್ಮಕ್ಕ?"

"ನಮ್ಮನೆಗೆ ಬಂದಿದ್ದಾಳೆ. ಮಗು ಆಗದೆ ಇದ್ದದ್ದಕ್ಕಲ್ಲ ಸಿಟ್ಟು, ಇಷ್ಟು ದಿನ ನನ್ನ ಬೈಯೋದು ನೋಡ್ಕೊಂಡು ಸುಮ್ನೆ ಕೂತಿದ್ರಲ್ಲ ಅಂತಾಳೆ. ಭಾವ ನಿನ್ನೆ ಬೆಳಗ್ಗೆಯೂ ಬಂದ್ರು, ಇವತ್ತೂ ಬಂದ್ರು, ಬುಟ್ಟಿ ತುಂಬ ತರಕಾರಿ. ಅಕ್ಕ ಮಾತಾಡ್ಲಿಲ್ಲ. ಆದ್ರೆ ಇವತ್ತು ಆ ತರಕಾರೀಲೇ ಹುಳಿ ಮಾಡಿದ್ಲು. ಸ್ವಲ್ಪ ದಿನ ಅವರನ್ನ ಕಾಯಿಸಿ ವಾಪಸ್ ಹೋಗ್ತಾಳೆ ಅನ್ಸುತ್ತೆ."

ಅಂಜಿನಮ್ಮ ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿದಳು.

"ನೀವು ಮಾರ್ಕೆಟ್ಟಿಗೆ ಹೋಗಿದ್ರಂತೆ. ಭಾವನೇ ಹೇಳಿದ್ರು" ಎಂದ ಅವನು ಮೆಲ್ಲಗೆ. "ಅವತ್ತು ನಾನು ಆಡಿದ ಮಾತಿಗೆ ನನ್ನ ಬಾಯಿಗೆ ಹೊಲಿಗೆ ಹಾಕಬೇಕಿತ್ತು."

"ಹಾಕ್ಬಹುದಿತ್ತು. ಹುಬ್ಬಿನ ಮೇಲೆ ಹಾಕಿರೋದಕ್ಕಿಂತ ಚೆನ್ನಾಗಿ ಹಾಕ್ತಿದ್ದೆ."

ಅವನು ಹುಬ್ಬು ಮುಟ್ಟಿಕೊಂಡ. ಅವಳು ಅದನ್ನು ಗಮನಿಸಿದ್ದಾಳೆ ಎಂದು ತಿಳಿದು ಅವನ ಕಿವಿ ಕೆಂಪಗಾಯಿತು.

"ರೀ, ಅವತ್ತು ವ್ಯಾಪಾರದ ಹಾಗೆ ಕೇಳಿದೆ. ಈಗ ಬರೀ ಕೈಯಲ್ಲಿ ಕೇಳ್ತೀನಿ. ಆಸ್ಪತ್ರೆ ವಿಷಯ ಜನ್ಮದಲ್ಲಿ ಕೇಳಲ್ಲ. ಯಾರೋ ಹೇಳ್ಕೊಂಡಿದ್ದು ಮನಸ್ಸಲ್ಲಿಟ್ಟುಕೊಂಡು ನೀವು ಮಂಕಾಗಿ ಬಂದ ದಿನ ಒಂದು ಲೋಟ ಕಾಫಿ ಮಾಡಿಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತ್ಕೋತೀನಿ. ಆಗುತ್ತಾ?"

ಅವಳು ಬಸ್ ಹತ್ತಿದಳು. ಅವನೂ ಹತ್ತಿದ. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ಕೆನ್ನೆ ಮಾತ್ರ ಬೆಚ್ಚಗಾಗಿತ್ತು. ಅವನ ಸ್ಟಾಪು ಬಂದು ಹೋಯಿತು. ಇಳಿಯಲಿಲ್ಲ. ಕೆ.ಆರ್. ಪುರದಲ್ಲಿ ಅವಳು ಇಳಿದು ಎರಡು ಹೆಜ್ಜೆ ನಡೆದು ತಿರುಗಿದಳು.

"ಬರ್ತೀರೋ, ಅಲ್ಲೇ ನಿಂತಿರ್ತೀರೋ?"

ಮನೆಯ ಜಗಲಿಯಲ್ಲಿ ಅವಳಪ್ಪ ದೊಡ್ಡಮುನಿಯಪ್ಪ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದ. ಮಗಳ ಹಿಂದೆ ಬಂದ ಅಪರಿಚಿತನನ್ನು ಕಂಡು ಮುದುಕನ ಕೈ ನಿಂತಿತು. ಆದಿನಾರಾಯಣ ಗಂಟಲು ಸರಿಮಾಡಿಕೊಂಡು, ಎಲ್ಲಿಂದ ಶುರು ಮಾಡಲಿ ಎಂದು ಪದ ಹುಡುಕುತ್ತಿದ್ದ.

"ಅಪ್ಪಾ, ಇವರು ಆದಿನಾರಾಯಣ ಅಂತ, ಕೌದೇನಹಳ್ಳಿಯವರು" ಎಂದಳು ಅಂಜಿನಮ್ಮ. ಒಂದು ಸಲ ಉಸಿರೆಳೆದುಕೊಂಡಳು. "ನಾನು ಮದುವೆ ಆಗೋದಾದ್ರೆ ಇವರನ್ನೇ."

ದೊಡ್ಡಮುನಿಯಪ್ಪ ಮಗಳನ್ನು ನೋಡಿದ, ಅವನನ್ನು ನೋಡಿದ. ಆಮೇಲೆ ಚಾಚಿದ್ದ ಕಾಲು ಮಡಚಿ, ಸಿಪ್ಪೆಯನ್ನೆಲ್ಲ ಒಂದು ಕಡೆ ತಳ್ಳಿ, ಜಗಲಿಯಲ್ಲಿ ಜಾಗ ಮಾಡಿದ.

"ಕೂತ್ಕೊಳ್ಳಪ್ಪಾ" ಎಂದ.