ನಾಲ್ಕನೇ ಬೆಡ್ಡಿನ ಬಿಪಿ

ನೋಡದೆಯೇ ನೂರಿಪ್ಪತ್ತು-ಎಂಬತ್ತು ಎಂದು ಗೀಚುವ ನರ್ಸು ನಾನಲ್ಲ. ಚಾಮರಾಜಪೇಟೆಯ ಈ ನರ್ಸಿಂಗ್ ಹೋಮಿನಲ್ಲಿ ಹದಿನೆಂಟು ವರ್ಷದಿಂದ ಕಿವಿಯಾರೆ ಕೇಳಿಯೇ ಬರೆದಿದ್ದೇನೆ. ಅಂದು ಬೆಳಿಗ್ಗೆ ಎಂಟಕ್ಕೆ ಡ್ಯೂಟಿಗೆ ಬಂದವಳೇ ನಾಲ್ಕನೇ ಬೆಡ್ಡಿನ ಸುಂದರಮ್ಮನವರ ತೋಳಿಗೆ ಪಟ್ಟಿ ಸುತ್ತಿದೆ. ತೋಳು ಫ್ರಿಜ್ಜಿನಿಂದ ತೆಗೆದಂತಿತ್ತು. ಗಾಳಿ ಬಿಟ್ಟೆ, ಮುಳ್ಳು ಸೊನ್ನೆಗೆ ಇಳಿದರೂ ಟಕ್ ಟಕ್ ಸದ್ದು ನಿಲ್ಲಲಿಲ್ಲ.

"ಸರಿಯಾಗ್ ಬರ್ಕೊಳಮ್ಮ," ಎಂದರು ಸುಂದರಮ್ಮ.

ಕೇಳಿದ್ದನ್ನೇ ಬರೆದೆ: ಮೇಲೆ ನೂರಹತ್ತು, ಕೆಳಗೆ ಸೊನ್ನೆ.

ಒಂಬತ್ತಕ್ಕೆ ಡಾಕ್ಟರ್ ಚಕ್ರಪಾಣಿ ಚಾರ್ಟನ್ನು ನೆಲಕ್ಕೆಸೆದರು. "ಆರು ಗಂಟೆಗೇ ಬಾಡಿ ಮನೆಗೆ ಕಳ್ಸಿದೀವಿ! ಎಂಟಕ್ಕೆ ಯಾರ ಬಿಪಿ ನೋಡಿದ್ರಿ? ಕೂತ್ಕಡೆನೇ ಬರೀತೀರಾ?"

ಮೈಯೆಲ್ಲ ಉರಿಯಿತು. ಸ್ಟೆತಸ್ಕೋಪನ್ನು ಅವರ ಕಿವಿಗೇ ಸಿಕ್ಕಿಸಿ, ಇನ್ನೊಂದು ತುದಿಯನ್ನು ಆ ಖಾಲಿ ಹಾಸಿಗೆಯ ಮೇಲಿಟ್ಟೆ. "ನೀವೇ ಕೇಳಿ, ಸಾರ್."

ಅವರು ಕಿವಿಯಿಂದ ಸ್ಟೆತಸ್ಕೋಪ್ ತೆಗೆದು, ಬಗ್ಗಿ ಚಾರ್ಟ್ ಎತ್ತಿಕೊಂಡು, ನನ್ನ ಸೊನ್ನೆಯ ಪಕ್ಕ ಸಹಿ ಹಾಕಿದರು.